ಹನ್ನೊಂದು ನಿಮಿಷದ ಬೆಟ್ಟ

ಜನವರಿ 8, ಭಾನುವಾರ

ವಿಷಯ: ಸೋಫಿಯಾ ನಗರದ ತಲೆಯ ಮೇಲೆಯೇ ಇರುವ ನಮ್ಮ ವಿತೋಶಾ ಬೆಟ್ಟದಲ್ಲಿ ಸ್ಕೀ ಜಾರುವುದು, ಪಡುವ ಪಾಡಿಗೆ ತಕ್ಕದ್ದೋ ಅಲ್ಲವೋ ಎಂಬ ವಿಚಾರಣೆ.

ಹರಲಾಂಪಿ ಎಂಬ ಹೆಸರಿನ, ಎಪ್ಪತ್ತಾರು ವರ್ಷ ವಯಸ್ಸಿನ, ಜಿಲ್ಲಾ ನ್ಯಾಯಾಲಯದ ಎದುರಿನ ಗೂಡಿನಲ್ಲಿ ಮೂವತ್ತೊಂಬತ್ತು ವರ್ಷ ಬೆರಳಚ್ಚು ಯಂತ್ರದ ಮುಂದೆ ಕುಳಿತು ಊರವರ ಅರ್ಜಿಗಳನ್ನು ಸಿದ್ಧಪಡಿಸಿಕೊಟ್ಟ ನಾನು, ಕೇವಲ ನನ್ನ ಸ್ವಂತ ಉಪಯೋಗಕ್ಕಾಗಿ ಈ ಕೆಳಗಿನ ಸಂಗತಿಗಳನ್ನು ದಾಖಲಿಸುತ್ತಿದ್ದೇನೆ.

ಬೆಟ್ಟದ ಮೇಲಿನ ಬೋರಿಕಾ ತಂಗುಮನೆಯ ಸಂಘದಿಂದ ಪತ್ರ ಬಂದಿದೆ. ಸದರಿ ತಂಗುಮನೆಯ ನೆಲಮಾಳಿಗೆಯಲ್ಲಿ ಸ್ಕೀ ಇಡುವ ಕಪಾಟುಗಳಿದ್ದು, ಇಪ್ಪತ್ತೇಳನೆಯ ಕಪಾಟು ನಲವತ್ತೊಂದು ವರ್ಷಗಳಿಂದ ನನ್ನ ಹೆಸರಿನಲ್ಲಿದೆ. ಕಾಯುತ್ತಿರುವವರ ಪಟ್ಟಿ ಬೆಳೆದಿರುವ ಕಾರಣ, ಉಳಿಸಿಕೊಳ್ಳಬಯಸುವವರು ಮಾರ್ಚ್ ಒಂದರೊಳಗೆ ಕಾರಣಸಹಿತ ಅರ್ಜಿ ಸಲ್ಲಿಸತಕ್ಕದ್ದು, ಇಲ್ಲವೇ ಬೀಗದ ಕೈ ಒಪ್ಪಿಸತಕ್ಕದ್ದು.

ಮಗಳು ರುಮ್ಯಾನಾ ಊಟಕ್ಕೆ ಬಂದಿದ್ದಳು. ಹುಳಿ ಎಲೆಕೋಸಿನ ಸುರುಳಿಗಳು ಮುಗಿಯುವ ಹೊತ್ತಿಗೆ ಅವಳು ಆ ಪತ್ರವನ್ನು ಎರಡು ಸಲ ಓದಿಯಾಗಿತ್ತು.

"ಬೀಗದ ಕೈ ಕೊಟ್ಬಿಡಪ್ಪಾ. ಒಂದು ಗಂಟೆ ಬಸ್ಸು, ಒಂದು ಗಂಟೆ ಸಾಲು, ಹಗ್ಗ ಹಿಡಿದು ಮೇಲೇರೋ, ಗಾಳಿ ಬೀಸಿದ್ರೆ ನಿಂತೋಗೋ ಲಿಫ್ಟು. ಜಾರೋದು ಎಷ್ಟು ಹೊತ್ತು ಅಂತ ಯಾವತ್ತಾದ್ರೂ ನೋಡಿದೀಯಾ? ಅಮ್ಮಂಗೆ ಬೇರೆ ಕಣ್ಣು ಕಾಣಲ್ಲ. ವರ್ಷಕ್ಕೊಂದ್ಸಲ ದಕ್ಷಿಣದ ದೊಡ್ಡ ಬೆಟ್ಟಕ್ಕೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಕಣ್ಣು ಕಾಣದವರನ್ನ ಇಳಿಸೋಕೇ ಅಂತ ಕಲಿತವರು ಇದಾರೆ."

"ನಾನು ಇಲ್ಲೇ ಕೂತಿದೀನಿ ಕಣೆ," ಎಂದಳು ನನ್ನ ಹೆಂಡತಿ ನೇದ್ಯಾಲ್ಕಾ. "ಕಣ್ಣು ಹೋಗಿದೆ, ಕಿವಿ ಹೋಗಿಲ್ಲ."

ಕಳೆದ ಶರತ್ಕಾಲದಿಂದ ಆಕೆಯ ನೋಟದ ನಡುಭಾಗ ಮಾಸಿಹೋಗಿ ಅಂಚು ಮಾತ್ರ ಉಳಿದಿದೆ. ನನ್ನನ್ನು ನೇರವಾಗಿ ನೋಡಿದರೆ ಎರಡು ಕಿವಿ ಕಾಣುತ್ತವೆ, ಮುಖ ಕಾಣುವುದಿಲ್ಲ ಎನ್ನುತ್ತಾಳೆ. ಅದರಿಂದ ತನಗೆ ವಿಶೇಷ ನಷ್ಟವೇನೂ ಆಗಿಲ್ಲ ಎಂದೂ ಸೇರಿಸುತ್ತಾಳೆ.

ಯಾರ ಪಕ್ಷವನ್ನೂ ವಹಿಸದೆ, ಪ್ರತಿ ಸಲವೂ ಹೋಗಿಬರಲು ತಗಲಿದ ಸಮಯವನ್ನೂ ನಿಜವಾಗಿ ಜಾರಿದ ಸಮಯವನ್ನೂ ಕೈಗಡಿಯಾರದಲ್ಲಿ ನೋಡಿ ಇಲ್ಲಿ ನಮೂದಿಸಿ, ಮಾರ್ಚ್ ಒಂದರಂದು ತೀರ್ಮಾನ ಕೊಡುತ್ತೇನೆ. ನೇದ್ಯಾಲ್ಕಾ ಇನ್ನು ಮುಂದೆ ಸ್ಕೀ ಕಟ್ಟುವಳೋ ಇಲ್ಲವೋ ಎಂಬುದು ಅದನ್ನೇ ಅವಲಂಬಿಸಿದೆ.

ಜನವರಿ 14, ಶನಿವಾರ

ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ನೋಡಲಾಗಿ ಬೆಟ್ಟವೇ ಇರಲಿಲ್ಲ. ಎದುರಿನ ಕಟ್ಟಡವೂ ಇರಲಿಲ್ಲ. ಒಲೆಗಳ ಹೊಗೆ ಬೆರೆತ ಮಂಜು ಊರನ್ನು ಮುಚ್ಚಿತ್ತು. ಈ ದಿನ ಹೋಗುವುದು ವ್ಯರ್ಥವೆಂದು ನಮೂದಿಸಲು ಪೆನ್ನು ಕೈಗೆತ್ತಿಕೊಂಡಿದ್ದೆ.

"ಅಡುಗೆಮನೆ ಕಿಟಕಿಯಿಂದ ಬೆಟ್ಟಕ್ಕೆ ತೀರ್ಪು ಕೊಡೋನು ನೀನೊಬ್ಬನೇ ಅಲ್ಲ," ಎಂದಳು ನೇದ್ಯಾಲ್ಕಾ, ಬೂಟಿನ ಕೊಂಡಿಗಳನ್ನು ತಡವಿ ಹಾಕಿಕೊಳ್ಳುತ್ತ. "ಅರ್ಧ ಸೋಫಿಯಾ ಹಾಗೇ ಮಾಡುತ್ತೆ. ಅದಕ್ಕೇ ನಮಗೆ ಬಸ್ಸಲ್ಲಿ ಸೀಟು ಸಿಗೋದು. ಏಳು ಲಾಂಪೋ."

ಎಲ್ಲರಂತೆ ನಾವೂ ಸ್ಕೀ ಬೂಟಿನಲ್ಲೇ ಬಸ್ಸು ಹತ್ತಿದೆವು. ಎಲೆಯುದುರಿದ ಬೀಚ್ ಮರಗಳು ಮುಗಿದು ದೇವದಾರು ಶುರುವಾಗುವ ತಿರುವಿನಲ್ಲಿ ಮಂಜು ಕಳಚಿಬಿತ್ತು. ಬಿಸಿಲಿಗೆ ಬಸ್ಸಿನವರೆಲ್ಲ ಕಣ್ಣು ಕಿರಿದು ಮಾಡಿಕೊಂಡರು. ನೇದ್ಯಾಲ್ಕಾ ಮಾತ್ರ ಮುಖವನ್ನು ಪೂರ್ತಿ ಅದಕ್ಕೆ ಒಡ್ಡಿದಳು.

ಇನ್ನು ಇಳಿದ ವಿಚಾರ. ನಾನು ಮುಂದೆ ಹೋಗಿ ದಾರಿ ಹೇಳತಕ್ಕದ್ದು, ಆಕೆ ನನ್ನ ದನಿ ಹಿಡಿದು ಹಿಂಬಾಲಿಸತಕ್ಕದ್ದು ಎಂದು ಒಪ್ಪಂದವಾಗಿತ್ತು. ಎರಡನೆಯ ತಿರುವಿನ ಬಳಿ ನಾನು ಉಚ್ಚರಿಸಿದ ಮಾತುಗಳು ಯಥಾವತ್ತಾಗಿ ಹೀಗಿವೆ: "ನೇದಾ, ಮುಂದೆ ಪೊದೆಗಳು ಇರುವುದನ್ನು ಗಮನದಲ್ಲಿಟ್ಟುಕೊಂಡು ಈಗ ಸ್ವಲ್ಪ ಎಡಕ್ಕೆ ತಿರುಗುವುದು ಉಚಿತವೆಂದು ನನಗೆ..."

"ನಿನ್ನ ವಾಕ್ಯ ಮುಗಿಯೋಕ್ಮುಂಚೆ ನಾನು ಪೊದೆ ಸೇರ್ಕೊಂಡೆ," ಎಂದಿತು ಪೊದೆಯೊಳಗಿನ ದನಿ. ನಗುತ್ತಿದ್ದಳು. ಹೊರಗೆಳೆಯುವಾಗ ಆಕೆಯ ಕೆನ್ನೆ ತರಚಿತ್ತು.

ಮನೆ ಬಿಟ್ಟದ್ದು 7.10, ಹಿಂದಿರುಗಿದ್ದು 2.40. ಪೊದೆಯಲ್ಲಿ ಕಳೆದ ಹೊತ್ತನ್ನು ಬಿಟ್ಟು ನಿಜವಾಗಿ ಜಾರಿದ್ದು ಹನ್ನೊಂದು ನಿಮಿಷ. ಮೇಲ್ನೋಟಕ್ಕೆ ರುಮ್ಯಾನಾಳ ವಾದವೇ ಊರ್ಜಿತವಾಗುವಂತಿದೆ.

ಜನವರಿ 15, ಭಾನುವಾರ

ರುಮ್ಯಾನಾ ಫೋನ್ ಮಾಡಿ ನಿನ್ನೆ ಹೇಗಿತ್ತು ಎಂದು ಕೇಳಿದಳು. ಬಿಸಿಲಿತ್ತು ಎಂದೆ. ಪೊದೆಯ ವಿಷಯ ಹೇಳಲಿಲ್ಲ. ಅವಳು ಕೇಳಿರಲೂ ಇಲ್ಲ.

ಜನವರಿ 21, ಶನಿವಾರ

ಬಿರುಗಾಳಿ, ಲಿಫ್ಟ್ ಇಲ್ಲ. ಸದರಿ ದಿನವನ್ನು ಮನೆಯ ನಡುಹಜಾರದಲ್ಲಿ ಅಭ್ಯಾಸಕ್ಕೆ ವಿನಿಯೋಗಿಸಲಾಯಿತು. ನೇದ್ಯಾಲ್ಕಾ ಕಾಲುಚೀಲದಲ್ಲಿ ನಡೆಯುವುದು, ನಾನು ಮುಂದೆ ನಡೆಯುತ್ತ ಕುರ್ಚಿ, ಚಪ್ಪಲಿ, ಬಕೆಟ್ಟುಗಳ ನಡುವೆ ದಾರಿ ಹೇಳುವುದು.

"ಒಂದೇ ಮಾತು," ಎಂದಳು. "ಎಡ. ಬಲ. ನಿಲ್ಲು. ಅಷ್ಟೇ ಸಾಕು ನಂಗೆ."

ಅಂಥ ಮಾತುಗಳನ್ನು ಕುದುರೆಗೆ ಹೇಳುವುದು ವಾಡಿಕೆಯೆಂದೂ, ಐವತ್ತು ವರ್ಷ ಜೊತೆ ಬಾಳಿದ ಹೆಂಗಸಿಗೆ ಹಾಗೆ ಹೇಳಲು ನಾಲಿಗೆ ಹೊರಳದೆಂದೂ ನಿವೇದಿಸಿಕೊಂಡೆ.

"ಮರ್ಯಾದೆಯೆಲ್ಲ ಲಿಫ್ಟಿನ ಸಾಲಲ್ಲಿ ಕೊಡು. ಅಲ್ಲಿ ಬೇಕಾದಷ್ಟು ಹೊತ್ತಿರುತ್ತೆ. ಇಳಿವಾಗ ದಾರಿ ಕೊಡು."

ಇನ್ನೊಂದು ಸಂಗತಿ. ನನ್ನ ಬೂದು ಕೋಟು ಆಕೆಗೆ ಕಾಣುವುದಿಲ್ಲ. ಕೆಳಮನೆಯಾತ ಟ್ರಾಮ್ ಹಳಿ ರಿಪೇರಿಯವನು. ಆತನ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿಯನ್ನು ಕೇಳಿ ತಂದಿದ್ದಾಳೆ. ಹಿಂದೆ ಮುಂದೆ ಹೊಳೆಯುವ ಪಟ್ಟಿಗಳಿವೆ. ನಾನು ಇದನ್ನು ಹಾಕುವುದಿಲ್ಲ.

ಜನವರಿ 28, ಶನಿವಾರ

ಹಾಕಿದೆ.

ಪರಿಣಾಮವಾಗಿ, ಬಸ್ಸು ಇಳಿದ ಕ್ಷಣದಿಂದ ನನ್ನನ್ನು ಲಿಫ್ಟಿನ ಸಿಬ್ಬಂದಿಯೆಂದೇ ಜನ ತಿಳಿದರು. ಗಾಳಿಗೆ ಲಿಫ್ಟ್ ಐವತ್ತು ನಿಮಿಷ ನಿಂತಿತು. ಸಾಲಿನಲ್ಲಿದ್ದ ಹೆಂಗಸೊಬ್ಬಳು ನನ್ನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ್ರೀ ಯಜಮಾನ್ರೇ, ಪ್ರತಿ ವಾರ ಇದೇ ಕತೆ ಅಲ್ವಾ ನಿಮ್ದು? ಯಾರಿಗೆ ಹೇಳ್ಕೊಬೇಕು ನಾವು?"

"ಅವರಿಗೇ ಹೇಳಮ್ಮ," ಎಂದಳು ನೇದ್ಯಾಲ್ಕಾ. "ಬರೆದುಕೊಡು ಅಂದ್ರೆ ಇನ್ನೂ ಖುಷಿ ಅವರಿಗೆ."

ಈ ಲಿಫ್ಟಿನ ಬಗ್ಗೆ ನಲವತ್ತು ವರ್ಷ ದೂರು ಬರೆದವನು ನಾನು. ದೂರು ಸ್ವೀಕರಿಸುವವನ ಕಷ್ಟ ಈ ದಿನ ತಿಳಿಯಿತು.

ಎರಡು ಸಲ ಇಳಿದೆವು. ಎಡ, ಬಲ, ಎಡ ಎಂದು ಕೂಗಿದೆ. ಬೀಳಲಿಲ್ಲ. ಲಿಫ್ಟು ನಿಂತಿದ್ದ ಅಷ್ಟೂ ಹೊತ್ತು ಸಾಲಿನಲ್ಲಿ ಆಕೆಯೊಂದಿಗೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಿದೆ.

ಆಮೇಲೆ ತಂಗುಮನೆಯಲ್ಲಿ ಬೀನ್ಸ್ ಕಾಳಿನ ಸೂಪು, ಬೆಟ್ಟದ ಸೊಪ್ಪಿನ ಚಹಾ. ತಂಗುಮನೆ ನೋಡಿಕೊಳ್ಳುವ ಸ್ತಾಮೆನ್ ನಮ್ಮ ಮೇಜಿಗೆ ಬಂದು ಕುಳಿತ.

"ಈ ಇಳಿಜಾರು ಗಟ್ಟಿಯಾಗಿದ್ದೇ ನೇದ್ಯಾಲ್ಕಕ್ಕನ ಕಾಲಲ್ಲಿ," ಎಂದು ಪಕ್ಕದ ಮೇಜಿನವರಿಗೆ ಹೇಳಿದ. "ಆಗ ಯಂತ್ರ ಎಲ್ಲಿತ್ತು? ಬೆಳಿಗ್ಗೆ ಸ್ಕೀ ಅಡ್ಡ ಇಟ್ಕೊಂಡು ಕೆಳಗಿಂದ ಮೇಲಿನ ತನಕ ಹಿಮ ತುಳಿದವರಿಗೆ ದಿನಪೂರ್ತಿ ಲಿಫ್ಟು ಬಿಟ್ಟಿ. ಅಕ್ಕ ಆರು ಚಳಿಗಾಲ ತುಳಿದಿದಾಳೆ. ಇವರು, ನಮ್ಮ ಹರಲಾಂಪಿ ಅಣ್ಣ, ಏನ್ ಮಾಡಿದ್ರು ಕೇಳಿ."

"ಕಾಲು ಗಂಟಿನ ದೌರ್ಬಲ್ಯದ ಕಾರಣ ತುಳಿಯೋದ್ರಿಂದ ವಿನಾಯಿತಿ ಕೊಡ್ಬೇಕು ಅಂತ ಅರ್ಜಿ ಕೊಟ್ಟ," ಎಂದಳು ನೇದ್ಯಾಲ್ಕಾ. "ಎರಡು ಪುಟ. ಇಡೀ ತಂಗುಮನೆಗೆ ನಾನೇ ಗಟ್ಟಿಯಾಗಿ ಓದಿದ್ದು. ಓದಿ ಮುಗಿಸಿದ್ಮೇಲೆ ಇವನು ಬಂದು, ನಾಲ್ಕನೇ ಸಾಲಲ್ಲಿ ಉಸಿರು ತಪ್ಪು ಕಡೆ ತಗೊಂಡ್ರಿ ಅಂದ."

ಅದು ನಿಜ. ಅಲ್ಪವಿರಾಮ ಇದ್ದುದು ಬೇರೆ ಕಡೆ.

ಹೋಗಿಬರಲು ತಗಲಿದ್ದು ಎಂಟು ಗಂಟೆ. ಜಾರಿದ್ದು ಹದಿನಾಲ್ಕು ನಿಮಿಷ. ಸೂಪಿನ ಹೊತ್ತನ್ನು ಯಾವ ಕಡೆಗೆ ಸೇರಿಸಬೇಕೆಂಬುದು ಇತ್ಯರ್ಥವಾಗಿಲ್ಲ.

ಫೆಬ್ರವರಿ 4, ಶನಿವಾರ

ಮೇಲೆಯೂ ಮಳೆ. ಹೋಗಲಿಲ್ಲ. ದಿನ ಉದ್ದವಾಯಿತು.

ಫೆಬ್ರವರಿ 12, ಭಾನುವಾರ

ತಪ್ಪು ಸಂಪೂರ್ಣವಾಗಿ ನನ್ನದು.

ಮೂರನೆಯ ಸಲ ಇಳಿಯುವಾಗ ಹಿಂದಿನಿಂದ ಆಕೆಯ ಸ್ಕೀಯ ಸದ್ದು ಕೇಳಿಸದೆ ಹೋಯಿತು. ಬರುತ್ತಿದ್ದಾಳೋ ಇಲ್ಲವೋ ಎಂದು ನಾನು ನಿಂತು ಪೂರ್ತಿ ಹಿಂದಕ್ಕೆ ತಿರುಗಿದೆ. ಬರುತ್ತಿದ್ದಳು. ಚೆನ್ನಾಗಿಯೇ ಬರುತ್ತಿದ್ದಳು, ಬಾಯಿ ಸ್ವಲ್ಪ ತೆರೆದುಕೊಂಡು, ಮೊದಲಿನ ಹಾಗೆ. ನೋಡುತ್ತ ನಿಂತವನು "ಬಲ" ಎಂದೆ. ಎದುರು ನಿಂತವನ ಬಲ ಆಕೆಗೆ ಎಡ ಎಂಬುದು ಹೊಳೆಯಲಿಲ್ಲ. ನಾನು ಹೇಳಿದ್ದನ್ನು ಆಕೆ ಒಂದಿಷ್ಟೂ ಅನುಮಾನಿಸದೆ ಪಾಲಿಸಿ ಬೇಲಿಯ ಕಂಬಕ್ಕೆ ಬಡಿದಳು.

ಎಡ ಮಣಿಕಟ್ಟು ಉಳುಕಿದೆ. ಮೂಳೆ ಮುರಿದಿಲ್ಲ. ಆಸ್ಪತ್ರೆಗೆ ರುಮ್ಯಾನಾ ಓಡಿಬಂದಳು. ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ.

"ಇವತ್ತು ಮಣಿಕಟ್ಟು," ಎಂದಳು, ನನ್ನನ್ನು ಪಕ್ಕಕ್ಕೆ ಕರೆದು. "ಸೊಂಟ ಆಗಿದ್ರೆ? ನಿಂಗೆ ಅಮ್ಮ ಬೇಕಾ, ಆ ಕಪಾಟು ಬೇಕಾ ಅಪ್ಪಾ?"

ನಿಮಿಷ ಎಷ್ಟೆಂದು ಬರೆದುಕೊಂಡಿಲ್ಲ.

ಫೆಬ್ರವರಿ 15, ಬುಧವಾರ

ಬೀಗದ ಕೈ ಒಪ್ಪಿಸುವ ಪತ್ರವನ್ನು ಸಿದ್ಧಪಡಿಸಿದೆ. ಮೂರು ಪುಟ, ಒಳ್ಳೆಯ ದಪ್ಪ ಕಾಗದ. ನಲವತ್ತೊಂದು ವರ್ಷಗಳ ಅವಿಚ್ಛಿನ್ನ ಉಪಯೋಗ, ಪ್ರಸ್ತುತ ಒದಗಿರುವ ಅನಿವಾರ್ಯ, ಸಂಘದ ಬಗ್ಗೆ ಇರುವ ಕೃತಜ್ಞತೆ, ಎಲ್ಲವೂ ತಕ್ಕ ಕ್ರಮದಲ್ಲಿ ಕುಳಿತಿವೆ. ಕಸುಬು ಇನ್ನೂ ಕೈಬಿಟ್ಟಿಲ್ಲ.

ಫೆಬ್ರವರಿ 18, ಶನಿವಾರ

ನೇದ್ಯಾಲ್ಕಾ ಮೂರು ದಿನದಿಂದ ರೇಡಿಯೋ ಕೇಳುತ್ತಿದ್ದಾಳೆ. ಹವಾಮಾನ ವರ್ತಮಾನ ಬಂದಾಗ ನಿಲ್ಲಿಸುತ್ತಾಳೆ.

ಇಂದು ಪತ್ರವನ್ನು ಓದಿ ಹೇಳು ಎಂದಳು. ಓದಿದೆ. ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೊನೆಯವರೆಗೂ ಕೇಳಿದಳು.

"ತುಂಬಾ ಚೆನ್ನಾಗಿದೆ. ಇದ್ರಲ್ಲಿ ನಾನೆಲ್ಲಿದೀನಿ?"

ಎರಡನೆಯ ಪುಟದ ಆ ಸಾಲನ್ನು ಮತ್ತೆ ಓದಿದೆ. "ಸದರಿ ಕಪಾಟಿನ ದ್ವಿತೀಯ ಉಪಯೋಗದಾರರ ದೃಷ್ಟಿದೋಷದ ನಿಮಿತ್ತ" ಎಂದು ಸ್ಪಷ್ಟವಾಗಿಯೇ ಇದೆ.

"ಓ, ಅದು ನಾನಾ," ಎಂದಳು. ಕಟ್ಟಿನ ಕೈಯನ್ನು ಮೇಜಿನ ಮೇಲಿಟ್ಟು, "ನೀನು ತಪ್ಪು ಹೇಳಿದ್ದಕ್ಕೆ ನಂಗೆ ಬೇಜಾರಿಲ್ಲ ಲಾಂಪೋ. ಆಮೇಲೆ ನಂಗೆ ಏನೂ ಹೇಳೋದನ್ನೇ ನಿಲ್ಸಿದೀಯಲ್ಲ, ಅದಕ್ಕೆ."

ನಾನು ದಿನವೂ ಮಾತನಾಡುತ್ತಲೇ ಇದ್ದೇನೆ. ಈ ಆಕ್ಷೇಪಣೆಗೆ ಆಧಾರವೇನೆಂದು ತಿಳಿಯಲಿಲ್ಲ. ಆದರೂ ಇದನ್ನು ಬರೆದಿಟ್ಟಿದ್ದೇನೆ.

ಫೆಬ್ರವರಿ 26, ಭಾನುವಾರ

ಇಂದು ಹೋದದ್ದು ಕಪಾಟು ಖಾಲಿ ಮಾಡಿ ಬೀಗದ ಕೈ ಒಪ್ಪಿಸುವುದಕ್ಕೆ.

ಕಿಟಕಿಯಿಂದ ಬೆಟ್ಟ ಸ್ವಚ್ಛವಾಗಿ ಕಂಡಿತು. ಒಂದೊಂದು ದೇವದಾರುವನ್ನೂ ಬೇರೆ ಬೇರೆಯಾಗಿ ತೋರಿಸಬಹುದಿತ್ತು. ಹಾಗೆಂದು ನೇದ್ಯಾಲ್ಕಾಗೆ ಹೇಳಿದೆ.

"ಅಷ್ಟು ಹತ್ರ ಕಾಣ್ತಿದ್ಯಾ? ಹಾಗಾದ್ರೆ ಮಧ್ಯಾಹ್ನಕ್ಕೆ ಕೆಡುತ್ತೆ."

ನಾನು ಕಣ್ಣಿದ್ದವನು, ನನ್ನ ಮಾತೇ ನಡೆಯಲಿ ಎಂದುಕೊಂಡು, ಅಭ್ಯಾಸದಂತೆ ಸ್ಕೀ ಬೂಟು, ಕಿತ್ತಳೆ ಅಂಗಿ ಹಾಕಿ ಅವಳ ಜೊತೆ ಹೊರಟೆ.

ಕಪಾಟಿನಲ್ಲಿದ್ದವು: ಎರಡು ಜೊತೆ ಸ್ಕೀ, ಮೇಣ, ಒಂದು ಒಂಟಿ ಕೈಗವಸು, ರುಮ್ಯಾನಾಳ ಐದನೆಯ ವಯಸ್ಸಿನ ಪುಟ್ಟ ಬೂಟು. ಅದನ್ನು ನೇದ್ಯಾಲ್ಕಾ ಕೈಯಲ್ಲಿ ಹಿಡಿದು ಒಳಗೆ ಬೆರಳು ಹಾಕಿ ನೋಡಿದಳು. ಆಮೇಲೆ, "ಒಂದು ಸಲ ಇಳಿಯೋಣ," ಎಂದಳು. ಮಣಿಕಟ್ಟಿನ ಊತ ಇಳಿದಿತ್ತು. ರುಮ್ಯಾನಾಳಿಗೆ ಏನೆಂದು ಹೇಳುವುದು ಎಂದು ಕೇಳಿದೆ. "ಬಿಸಿಲಿತ್ತು ಅನ್ನು," ಎಂದಳು. ಆ ದಿನ ನಾನು ಫೋನಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡಿದ್ದಳು.

ಲಿಫ್ಟಿನ ತುದಿ ತಲುಪಿ ಹಗ್ಗ ಬಿಟ್ಟ ಮೇಲೆ ಹಿಂದಿನಿಂದ ಮೋಡ ಬಂದು ಕುಳಿತಿತು. ಐದು ನಿಮಿಷದೊಳಗೆ ಮೇಲೆ ಬಿಳುಪು, ಕೆಳಗೆ ಬಿಳುಪು. ನನ್ನ ಸ್ಕೀಯ ಮೂತಿ ನನಗೆ ಕಾಣಲಿಲ್ಲ. ಲಿಫ್ಟ್ ನಿಂತಿತು. ಸುತ್ತ ಜನರಿದ್ದರು. ಕೆಮ್ಮು ಕೇಳುತ್ತಿತ್ತು, ಯಾರನ್ನೋ ಯಾರೋ ಕರೆಯುತ್ತಿದ್ದರು. ಬಲಕ್ಕೆ ತಪ್ಪಿದರೆ ಬಂಡೆಗಳು ಎಂಬುದು ನನಗೆ ಗೊತ್ತಿತ್ತು, ಬಲ ಯಾವುದೆಂದು ಗೊತ್ತಿರಲಿಲ್ಲ. ಸುಳ್ಳು ಬರೆಯುವುದಿಲ್ಲ, ಹೆದರಿದೆ. ಅವಳನ್ನು ಇಲ್ಲಿಗೆ ಕರೆತಂದವನು ನಾನು.

"ಕಾಣ್ತಿಲ್ವಾ?" ಎಂದಳು.

"ಇಲ್ಲ."

"ಏನೂ?"

"ಏನೂ ಇಲ್ಲ ನೇದಾ."

"ಸರಿ. ನನ್ನ ಹಿಂದೆ ಬಾ."

ಸ್ಕೀಯ ಅಂಚಿನಿಂದ ಹಿಮವನ್ನು ಎರಡು ಸಲ ಕೆರೆದಳು. ನಿಂತಳು. ಪಕ್ಕಕ್ಕೆ ಒಂದು ಹೆಜ್ಜೆ ಹಾಕಿ ಮತ್ತೆ ಕೆರೆದಳು. ಬಾಗಿಲ ಬಳಿ ಚಪ್ಪಲಿ ಹುಡುಕುವಷ್ಟು ನಿಧಾನ. ಆಮೇಲೆ "ಎಡ" ಎಂದು ಹೊರಟಳು. ನಾನು ಎಡಕ್ಕೆ ಹೋದೆ.

"ತಾತ, ಯಾರ ಹಿಂದೆ ಹೋಗ್ತಿದೀರಾ?" ಎಂದು ಬಿಳುಪಿನೊಳಗಿಂದ ಒಬ್ಬ ಕೇಳಿದ. ನನ್ನ ಕಿತ್ತಳೆ ಅಂಗಿ ಅವನಿಗೆ ಕಂಡಿರಬೇಕು. "ನೀವು ಲಿಫ್ಟಿನವರಲ್ವಾ? ದಾರಿ ಗೊತ್ತಾ?"

"ನನಗೆ ಗೊತ್ತಿಲ್ಲ. ನನ್ನ ಹೆಂಡತಿಗೆ ಗೊತ್ತು. ಅವಳಿಗೆ ಕಣ್ಣು ಕಾಣಲ್ಲ."

"ಇಂಥ ಹೊತ್ತಲ್ಲಿ ತಮಾಷೆ ಬೇಡ ತಾತ."

"ಇಂಥ ಹೊತ್ತಲ್ಲಿ ನಿಂಗೆ ಕಾಣ್ತಿದ್ಯೇನಪ್ಪಾ?" ಎಂದಳು ನೇದ್ಯಾಲ್ಕಾ ಮುಂದಿನಿಂದ. "ಇಲ್ಲ ತಾನೆ? ಹಿಂದೆ ಬಾ. ಬಲ."

"ಬಲ," ಎಂದೆ ನಾನು, ಅವನಿಗೆ. "ಬಲ," ಎಂದ ಅವನು, ಅವನ ಹಿಂದಿದ್ದವರಿಗೆ.

ಆರು ಚಳಿಗಾಲ ತುಳಿದ ನೆಲ ಅವಳಿಗೆ ಕಾಲಡಿಯಿಂದ ಮಾತಾಡುತ್ತಿತ್ತು. ಇಲ್ಲಿ ಉಬ್ಬು, ಎಂದಳು. ಉಬ್ಬು ಬಂತು. ಇಲ್ಲಿ ಯಾವಾಗಲೂ ಮಂಜುಗಡ್ಡೆ, ಎಂದಳು. ಮಂಜುಗಡ್ಡೆ ಬಂತು. ಬೇಲಿಯ ಕಂಬ ಬಂದಾಗ ಅದನ್ನು ಕೋಲಿನಿಂದ ತಟ್ಟಿ, "ಇವನು ನಂಗೆ ಗೊತ್ತು," ಎಂದಳು. ನಾನು ಏನನ್ನೂ ಕೇಳಲಿಲ್ಲ, ಅವಳ ದನಿಯನ್ನು ಬಿಟ್ಟು. ಅವಳು ಎಡ ಎಂದರೆ ಎಡ.

ತಂಗುಮನೆಯ ಗಂಟೆ ಬಾರಿಸುತ್ತ ಸ್ತಾಮೆನ್ ಹೊರಗೆ ನಿಂತಿದ್ದ. ನಾವು ಒಬ್ಬರ ಹಿಂದೊಬ್ಬರು ಬಿಳುಪಿನಿಂದ ಹೊರಬರುವುದನ್ನು ಎಣಿಸಿದನಂತೆ. ಹದಿನೇಳು ಜನ.

"ಅಕ್ಕಾ, ಮುಂದೆ ನೀನಾ ಇದ್ದಿದ್ದು?"

"ಇವನು ಇನ್ನೂ ವಿನಾಯಿತಿಯಲ್ಲೇ ಇದಾನೆ," ಎಂದಳು, ನನ್ನನ್ನು ತೋರಿಸಿ.

ಚಹಾ ಬಂತು. ಅವಳು ಲೋಟದ ಮೇಲಿಂದ ನನ್ನ ಕೈ ಹಿಡಿದುಕೊಂಡಳು. ಸ್ಕೀಗಳನ್ನು ಸ್ತಾಮೆನ್‌ನೇ ಒಯ್ದು ಕಪಾಟಿನಲ್ಲಿಟ್ಟು ಬಂದ. ಬೀಗದ ಕೈ ಒಪ್ಪಿಸುವ ವಿಷಯ ಮನೆಗೆ ಬಂದ ಮೇಲೆ ನೆನಪಾಯಿತು. ಕಿತ್ತಳೆ ಅಂಗಿಯ ಜೇಬಿನಲ್ಲೇ ಇದೆ.

ಫೆಬ್ರವರಿ 27, ಸೋಮವಾರ

ಮೂರು ಪುಟದ ಪತ್ರ ಮೇಜಿನ ಮೇಲಿಲ್ಲ. ಅರ್ಧ ದಿನ ಹುಡುಕಿದೆ. ನೇದ್ಯಾಲ್ಕಾಳ ಒದ್ದೆ ಬೂಟಿನೊಳಗೆ ಮುದ್ದೆಯಾಗಿ ಸಿಕ್ಕಿತು.

"ಹಳೇ ಪೇಪರ್ ಅನ್ಕೊಂಡೆ," ಎಂದಳು. "ಕಣ್ಣು ಕಾಣಲ್ವಲ್ಲ."

ಹಳೆಯ ಪತ್ರಿಕೆಗಳು ಒಲೆಯ ಬಳಿ ಎಂದಿನ ಜಾಗದಲ್ಲೇ ಇದ್ದವು. ದಪ್ಪ ಕಾಗದವಾದ್ದರಿಂದ ಬೂಟು ಚೆನ್ನಾಗಿ ಒಣಗಿದೆ.

ಮಾರ್ಚ್ 1, ಬುಧವಾರ

ವಸಂತ ತರುವ ಮಾರ್ತಾ ಅಜ್ಜಿಯ ಹಬ್ಬ, ಒಬ್ಬರಿಗೊಬ್ಬರು ದಾರ ಕಟ್ಟುವ ದಿನ. ಬೆಳಿಗ್ಗೆ ಎದ್ದಾಗಲೇ ನೇದ್ಯಾಲ್ಕಾ ಕೆಂಪು-ಬಿಳಿ ದಾರ ಹೊಸೆದು ಕುಳಿತಿದ್ದಳು. ನನ್ನ ಕೈಗಡಿಯಾರ ಬಿಚ್ಚಿಟ್ಟು ಆ ದಾರವನ್ನು ನನ್ನ ಮಣಿಕಟ್ಟಿಗೆ ಕಟ್ಟಿದಳು, ಗಂಟನ್ನು ಬೆರಳಲ್ಲಿ ತಡವಿ ನೋಡಿದಳು. ನಾನು ಅವಳ ಉಳುಕಿದ ಕೈಗೆ ಸಡಿಲವಾಗಿ ಕಟ್ಟಿದೆ.

"ಈ ವರ್ಷ ಕೊಕ್ಕರೆ ಬಂದ್ರೆ ನೀನೇ ಹೇಳ್ಬೇಕು," ಎಂದಳು. ಮೊದಲ ಕೊಕ್ಕರೆ ಕಂಡ ದಿನ ದಾರ ಬಿಚ್ಚುವುದು ವಾಡಿಕೆ.

"ಹೇಳ್ತೀನಿ."

"ಉದ್ದಕ್ಕೆ ಹೇಳ್ಬೇಡ. ಹಾರಿಹೋಗುತ್ತೆ."

ಬಸ್ಸು ಹತ್ತಿ ಹೋಗಿ ಸ್ತಾಮೆನ್‌ನ ಕೈಗೆ ಅರ್ಜಿ ಕೊಟ್ಟುಬಂದೆ. ಅರ್ಜಿದಾರರು: ನೇದ್ಯಾಲ್ಕಾ. ಜೊತೆಗಾರ: ಹರಲಾಂಪಿ. ಕಾರಣಕ್ಕೆ ಅರ್ಧ ಪುಟ ಜಾಗವಿತ್ತು. ಅವಳಿಗೆ ದಾರಿ ಗೊತ್ತಿದೆ, ಎಂದು ಬರೆದೆ. ಉಳಿದ ಜಾಗ ಖಾಲಿ ಬಿಟ್ಟಿದ್ದು ಕ್ರಮವಲ್ಲ, ಆದರೆ ಬಸ್ಸು ಹೊರಡುವುದರಲ್ಲಿತ್ತು.

ಮಾರ್ಚ್ 5, ಭಾನುವಾರ

ರುಮ್ಯಾನಾ ಬಂದಿದ್ದಳು. ಮಂಜಿನ ದಿನದ ಸಂಗತಿ ಅವಳಿಗೆ ಯಾರಿಂದಲೋ ತಿಳಿದಿದೆ. ಹದಿನೇಳು ಜನರಲ್ಲಿ ಒಬ್ಬ ಅವಳ ಕಚೇರಿಯವನಂತೆ. ನಮ್ಮನ್ನು ಬೈಯಲೆಂದೇ ನಮ್ಮ ಜೊತೆ ಬೆಟ್ಟದ ಬಸ್ಸು ಹತ್ತಿದವಳು ತಿರುವಿನಲ್ಲಿ ಬಿಸಿಲು ಬಿದ್ದ ಮೇಲೆ ಬೈಗುಳ ಬಿಟ್ಟು ಅದಕ್ಕೆ ಮುಖ ಒಡ್ಡಿದಳು. ಕಪಾಟು ತೆಗೆದಾಗ ತನ್ನ ಪುಟ್ಟ ಬೂಟು ಕಂಡು, "ಇದನ್ನ ಯಾಕಿಟ್ಟಿದೀರಾ," ಎಂದಳು. ಅವಳೇ ಅದನ್ನು ಮತ್ತೆ ಒಳಗಿಟ್ಟಳು.

ಮೂವರೂ ಇಳಿದೆವು. ನಾನು ಮುಂದೆ, ನೇದ್ಯಾಲ್ಕಾ ನಡುವೆ, ರುಮ್ಯಾನಾ ಹಿಂದೆ. ಎಡ. ಬಲ. ಎಡ. ಹಿಮ ಮೆತ್ತಗಿತ್ತು. ಕೆಳಗೆ ಊರಿನ ಮೇಲೆ ಮಂಜು ಹಾಸಿತ್ತು, ಅದರಡಿಯಲ್ಲಿ ಅರ್ಧ ಸೋಫಿಯಾ ಕಿಟಕಿಯಿಂದ ನೋಡಿ ಈ ದಿನ ವ್ಯರ್ಥ ಎಂದುಕೊಳ್ಳುತ್ತಿತ್ತು. ಕೆಳಗೆ ನಿಂತಾಗ ನೇದ್ಯಾಲ್ಕಾಳ ಮೂಗು ಕೆಂಪಾಗಿತ್ತು. ನನ್ನ ಎಡಗಿವಿಯ ಕಡೆಗೆ ನೋಡಿ ನಕ್ಕಳು.

"ಸರಿ, ಹೇಳಪ್ಪಾ," ಎಂದಳು ರುಮ್ಯಾನಾ, ಉಸಿರು ಸುಧಾರಿಸಿಕೊಳ್ಳುತ್ತ. "ಎಷ್ಟು ನಿಮಿಷ ಆಯ್ತು?"

ತೋಳು ಸರಿಸಿ ನೋಡಿದೆ. ಕೆಂಪು-ಬಿಳಿ ದಾರ ಇತ್ತು. ಕೈಗಡಿಯಾರ ಬುಧವಾರದಿಂದ ಅಡುಗೆಮನೆಯ ಕಿಟಕಿಯ ಬಳಿಯೇ ಉಳಿದಿದೆ.

ಈ ಪ್ರಕಾರ ಸಾಕ್ಷ್ಯವು ಅಪೂರ್ಣವಾಗಿದ್ದು, ಅದಕ್ಕೆ ವಿಚಾರಣಾಧಿಕಾರಿಯ ಅಜಾಗರೂಕತೆಯೇ ಕಾರಣವಾಗಿರುವುದರಿಂದ, ಮೇಲ್ಕಂಡ ವಿಷಯದಲ್ಲಿ ಯಾವ ತೀರ್ಮಾನಕ್ಕೂ ಬರಲು ಸಾಧ್ಯವಾಗಿಲ್ಲ. ವಿಚಾರಣೆಯನ್ನು ಮುಂದಿನ ಚಳಿಗಾಲಕ್ಕೆ ಮುಂದೂಡಲಾಗಿದೆ.